ಪಿ53 ಮೇಲೆ ಯುಬಿಕ್ವಿಟಿನ್ ಕೂರಿಸುವ ಪ್ರಯೋಗ: ನನ್ನ ಅನುಭವ

ಯುಬಿಕ್ವಿಟಿನ್ ಬ್ಲಾಟ್‌ನ (ಜೆಲ್‌ನಲ್ಲಿ ತೂಕದಂತೆ ಬೇರ್ಪಟ್ಟ ಪ್ರೋಟೀನುಗಳನ್ನು ಪ್ರತಿಕಾಯದಿಂದ ಗುರುತಿಸುವ ಹಾಳೆ) ಮೇಲ್ಭಾಗ ಮಸಿ ಬಳಿದಂತೆ ಕಪ್ಪಾದರೆ ಪ್ರಯೋಗ ಗೆದ್ದಿತು ಎಂದುಕೊಳ್ಳುವವರೇ ಹೆಚ್ಚು. ಆ ಮಸಿ ಯಾವ ಪ್ರೋಟೀನಿನದು ಎಂದು ತೋರಿಸುವುದೇ ನಿಜವಾದ ಕೆಲಸ. ಎಂಡಿಎಂ2 ಕಿಣ್ವವು ಕ್ಯಾನ್ಸರ್ ತಡೆಯುವ ಪ್ರೋಟೀನಾದ ಪಿ53ಕ್ಕೆ ಯುಬಿಕ್ವಿಟಿನ್ ಅಂಟಿಸುವುದನ್ನು ನಾನು ಪರೀಕ್ಷಿಸುವ ಬಗೆ ಇದು.

ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ, ಸುಮಾರು 8.5 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನು. ಅದನ್ನು ಅಂಟಿಸುವುದು ಇ1, ಇ2, ಇ3 ಎಂಬ ಮೂರು ಕಿಣ್ವಗಳ ಸರದಿ ಕೆಲಸ. ಇ1 ಕಿಣ್ವ ಎಟಿಪಿ (ಶಕ್ತಿ ಒದಗಿಸುವ ಅಣು) ಖರ್ಚು ಮಾಡಿ ಯುಬಿಕ್ವಿಟಿನ್‌ನ ಕೊನೆಯ ಅಮೈನೋ ಆಮ್ಲವಾದ ಗ್ಲೈಸೀನನ್ನು ತನ್ನ ಸಿಸ್ಟೀನಿಗೆ ಗಂಧಕದ ಮೂಲಕ ಕೂಡುವ ಥಯೋಎಸ್ಟರ್ ಬಂಧದಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಇ2ರ ಸಿಸ್ಟೀನಿಗೆ ದಾಟಿಸುತ್ತದೆ. ಎಂಡಿಎಂ2 ರಿಂಗ್ ಎಂಬ ಭಾಗವಿರುವ ಬಗೆಯ ಇ3. ಅದು ಯುಬಿಕ್ವಿಟಿನನ್ನು ತಾನು ಹೊರುವುದಿಲ್ಲ. ಇ2ವನ್ನೂ ಪಿ53ವನ್ನೂ ಪಕ್ಕಪಕ್ಕ ತಂದು ನಿಲ್ಲಿಸಿ ಪಿ53ರ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ನೇರ ವರ್ಗಾವಣೆ ಮಾಡಿಸುತ್ತದೆ. ಹಾಗಾಗಿ ಯುಬಿಕ್ವಿಟಿನ್‌ಗೆ ಟ್ಯಾಗ್ (ಗುರುತಿಸಲು ಜೋಡಿಸುವ ತುಂಡು) ಬೇಕಿದ್ದರೆ ಆರಂಭದ ತುದಿಗೇ ಹಾಕಬೇಕು. ಕೊನೆಯ ಗ್ಲೈಸೀನ್ ಮುಚ್ಚಿದರೆ ಇ1 ಅದನ್ನು ಮುಟ್ಟುವುದೇ ಇಲ್ಲ.

ಟ್ಯೂಬಿನಲ್ಲಿ 30 ಮೈಕ್ರೋಲೀಟರ್ ಕ್ರಿಯೆ ಮಾಡುತ್ತೇನೆ. 50 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, ಮೆಗ್ನೀಸಿಯಂ ಕ್ಲೋರೈಡ್ 5 ಮಿಲಿಮೋಲಾರ್, ಡಿಟಿಟಿ (ಥಯೋಎಸ್ಟರ್ ಬಂಧವನ್ನೂ ಬಿಡಿಸಬಲ್ಲ ರಾಸಾಯನಿಕ) 0.5 ಮಿಲಿಮೋಲಾರ್. ಇದಕ್ಕೆ ಇ1 100 ನ್ಯಾನೋಮೋಲಾರ್, ಇ2 ಆಗಿ ಯುಬಿಸಿಎಚ್5ಬಿ 1 ಮೈಕ್ರೋಮೋಲಾರ್, ಎಂಡಿಎಂ2 ಮತ್ತು ಪಿ53 ತಲಾ 0.5 ಮೈಕ್ರೋಮೋಲಾರ್, ಯುಬಿಕ್ವಿಟಿನ್ 50 ಮೈಕ್ರೋಮೋಲಾರ್. ಎಲ್ಲವನ್ನೂ ಐಸ್ ಮೇಲೆ ಬೆರೆಸಿ, ಕಟ್ಟಕಡೆಗೆ 100 ಮಿಲಿಮೋಲಾರ್ ಎಟಿಪಿ ದಾಸ್ತಾನಿನಿಂದ 1.5 ಮೈಕ್ರೋಲೀಟರ್ ಸೇರಿಸಿ 30 ಡಿಗ್ರಿಯಲ್ಲಿಡುತ್ತೇನೆ. 0, 10, 30, 60ನೇ ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು ಸ್ಯಾಂಪಲ್ ಬಫರಿಗೆ ಹಾಕಿ ನಿಲ್ಲಿಸುವುದು. ಎಟಿಪಿ ಪುಡಿ ಕರಗಿಸಿದಾಗ ದ್ರಾವಣ ಆಮ್ಲೀಯವಾಗಿರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7ಕ್ಕೆ ತಾರದೆ ಬಳಸಿದರೆ ಟ್ಯೂಬಿನ ಪಿಎಚ್ ಕುಸಿದು ಎಲ್ಲ ಕಿಣ್ವಗಳೂ ಮಂಕಾಗುತ್ತವೆ.

ಕೆಲಸ ಮಾಡದ ಎಂಡಿಎಂ2 ಸಿಕ್ಕರೆ ನಾನು ಮೊದಲು ಅನುಮಾನಿಸುವುದು ಶುದ್ಧೀಕರಣದ ಬಫರಿನಲ್ಲಿದ್ದ, ಲೋಹ ಹಿಡಿಯುವ ಇಡಿಟಿಎಯನ್ನು. ರಿಂಗ್ ಭಾಗ ಮಡಿಚಿ ನಿಂತಿರುವುದೇ ಸತುವಿನ ಮೇಲೆ. ಇಡಿಟಿಎ ಆ ಸತುವನ್ನು ಕಿತ್ತುಕೊಳ್ಳುತ್ತದೆ. ಇ1, ಇ2 ಸರಿಯಿವೆಯೇ ಎಂದು ನೋಡಲು ಇ3 ಇಲ್ಲದೆ ಐದು ನಿಮಿಷದ ಕ್ರಿಯೆ ಸಾಕು. ಅದನ್ನು ಎರಡು ಪಾಲು ಮಾಡಿ, ಒಂದನ್ನು ಡಿಟಿಟಿ ಇಲ್ಲದ ಬಫರಿನಲ್ಲಿ ಕುದಿಸದೆ, ಇನ್ನೊಂದನ್ನು 100 ಮಿಲಿಮೋಲಾರ್ ಡಿಟಿಟಿಯಲ್ಲಿ ಕುದಿಸಿ ಓಡಿಸಿ. 17 ಕಿಲೋಡಾಲ್ಟನ್‌ನಲ್ಲಿರುವ ಇ2 ಮೊದಲನೆಯದರಲ್ಲಿ 25ರ ಹತ್ತಿರ ಏರಿ, ಎರಡನೆಯದರಲ್ಲಿ ಕೆಳಗಿಳಿದರೆ ಅದು ಥಯೋಎಸ್ಟರೇ. ಕ್ರಿಯೆಯ ಬಫರಿನಲ್ಲಿ ಡಿಟಿಟಿ ಮಿತಿಯಲ್ಲಿಡುವುದೂ ಈ ಬಂಧಕ್ಕಾಗಿಯೇ.

ಇನ್ನು ಆ ಮಸಿಯ ವಿಚಾರ. ಎಂಡಿಎಂ2 ತನಗೆ ತಾನೇ ಯುಬಿಕ್ವಿಟಿನ್ ಅಂಟಿಸಿಕೊಳ್ಳುತ್ತದೆ. ಅದಕ್ಕೆ ಶುದ್ಧೀಕರಣಕ್ಕಾಗಿ ಜೋಡಿಸುವ ಜಿಎಸ್‌ಟಿ ಪ್ರೋಟೀನಿನ ಟ್ಯಾಗ್ ಇದ್ದರೆ ಟ್ಯಾಗಿನ ಲೈಸೀನುಗಳಿಗೂ ಅಂಟುತ್ತದೆ. ಯುಬಿಕ್ವಿಟಿನ್ ಪ್ರತಿಕಾಯದಿಂದ ನೋಡಿದರೆ ಇವೆಲ್ಲ ಒಂದೇ ಮಸಿಯಾಗಿ ಬೆರೆತು ಕಾಣುತ್ತವೆ. ಆದ್ದರಿಂದ ನಾನು ಪಿ53 ಪ್ರತಿಕಾಯದಿಂದಲೇ ಬ್ಲಾಟ್ ಮಾಡುತ್ತೇನೆ. 53ರಿಂದ ಮೇಲಕ್ಕೆ ಸುಮಾರು 8 ಕಿಲೋಡಾಲ್ಟನ್ ಅಂತರದ ಮೆಟ್ಟಿಲುಗಳು ಬರಬೇಕು. ಜೊತೆಗೆ ಎಟಿಪಿ ಇಲ್ಲದ್ದು, ಇ1 ಇಲ್ಲದ್ದು, ಇ2 ಇಲ್ಲದ್ದು, ಇ3 ಇಲ್ಲದ್ದು, 464ನೇ ಸಿಸ್ಟೀನ್ ಬದಲಿಸಿ ನಿಷ್ಕ್ರಿಯಗೊಳಿಸಿದ ಎಂಡಿಎಂ2 ಇರುವುದು, ಇಷ್ಟೂ ಲೇನ್ ಒಂದೇ ಜೆಲ್‌ನಲ್ಲಿ ಬೇಕು. ಇ3 ಇಲ್ಲದ ಲೇನನ್ನು ಬಿಡಲೇಬೇಡಿ: ಇ2 ಹೆಚ್ಚಾದರೆ ಅದೊಂದೇ ಕಂಡಕಂಡಲ್ಲಿ ಅಂಟಿಸುತ್ತದೆ. ಹರ್ಷ್ಕೊ, ಸಿಕಾನೋವರ್, ರೋಸ್ 2004ರ ನೊಬೆಲ್ ಪಡೆದ ಶೋಧದ ಬುಡದಲ್ಲಿಯೂ ಜೀವಕೋಶದ ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ, ಯಾವುದು ಇಲ್ಲದಿದ್ದರೆ ಕ್ರಿಯೆ ನಿಲ್ಲುತ್ತದೆ ಎಂದು ನೋಡುವ ಇದೇ ತರ್ಕವಿತ್ತು.

ಮೆಟ್ಟಿಲುಗಳು ಒಂದೇ ಸರಪಳಿಯವೇ ಅಥವಾ ಹಲವು ಲೈಸೀನುಗಳ ಮೇಲೆ ಕೂತ ಒಂಟಿ ಯುಬಿಕ್ವಿಟಿನ್‌ಗಳೇ ಎಂಬುದು ಬೇರೆ ಪ್ರಶ್ನೆ. ಸರಪಳಿ ಬೆಳೆಯುವುದು ಯುಬಿಕ್ವಿಟಿನ್‌ನ ಸ್ವಂತ ಲೈಸೀನುಗಳ ಮೇಲೆ, ಹಾಗಾಗಿ ಆ ಎಲ್ಲ ಲೈಸೀನುಗಳನ್ನೂ ಮೀಥೈಲ್‌ನಿಂದ ಮುಚ್ಚಿದ ಯುಬಿಕ್ವಿಟಿನ್ ಹಾಕಿ ಮತ್ತೆ ಮಾಡಿ. ಸರಪಳಿ ಕಟ್ಟಲಾಗದೆಯೂ ಅದೇ ಮೆಟ್ಟಿಲುಗಳು ಬಂದರೆ ಅವು ಒಂಟಿಗಳು. ಎಂಡಿಎಂ2 ಕಡಿಮೆಯಿದ್ದಾಗ ಪಿ53 ಮೇಲೆ ಹೆಚ್ಚಾಗಿ ಒಂಟಿಗಳೇ ಕೂರುತ್ತವೆ, ಹೆಚ್ಚಾದಾಗ ಸರಪಳಿ ಬೆಳೆಯುತ್ತದೆ. ಜೀವಕೋಶಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ: ಒಂಟಿಯದು ಪಿ53ವನ್ನು ನ್ಯೂಕ್ಲಿಯಸ್‌ನಿಂದ ಹೊರಗೆ ಕಳಿಸುವ ದಾರಿ, ಯುಬಿಕ್ವಿಟಿನ್‌ನ 48ನೇ ಲೈಸೀನಿನ ಸರಪಳಿಯದು ಪ್ರೋಟೀನು ಕತ್ತರಿಸುವ ಯಂತ್ರವಾದ ಪ್ರೋಟಿಯಾಸೋಮಿನಲ್ಲಿ ಚೂರಾಗುವ ದಾರಿ.

ಜೀವಕೋಶದಲ್ಲಿ ನೋಡುವಾಗ ಎಚ್‌ಇಕೆ293ಟಿ ಎಂಬ ಕೋಶತಳಿ ಬೇಡ. ಅದರಲ್ಲಿರುವ ವೈರಸ್‌ನ ಟಿ ಆಂಟಿಜನ್ ಪಿ53ವನ್ನು ಹಿಡಿದುಕೊಳ್ಳುತ್ತದೆ. ಪಿ53 ಇಲ್ಲದ ಎಚ್1299 ಒಳ್ಳೆಯದು. ಪಿ53, ಎಂಡಿಎಂ2, ಹಿಸ್ಟಿಡಿನ್ ಟ್ಯಾಗಿನ ಯುಬಿಕ್ವಿಟಿನ್ ಪ್ಲಾಸ್ಮಿಡ್‌ಗಳನ್ನು ಹಾಕಿ, ಕೊನೆಯ 4ರಿಂದ 6 ಗಂಟೆ ಪ್ರೋಟಿಯಾಸೋಮ್ ತಡೆಯುವ ಎಂಜಿ132 ಅನ್ನು 10 ಮೈಕ್ರೋಮೋಲಾರ್ ಕೊಡುತ್ತೇನೆ. ಕೋಶಗಳನ್ನು ತೊಳೆಯುವ ಬಫರಿನಲ್ಲಿ ಆಗಷ್ಟೇ ಕರಗಿಸಿದ ಎನ್-ಈಥೈಲ್ ಮೇಲಿಮೈಡ್ 10 ಮಿಲಿಮೋಲಾರ್ ಇರಲಿ, ಇಲ್ಲದಿದ್ದರೆ ಯುಬಿಕ್ವಿಟಿನ್ ಕಳಚುವ ಕಿಣ್ವಗಳು ಕೆಲವೇ ನಿಮಿಷಗಳಲ್ಲಿ ಬ್ಯಾಂಡ್ ತಿಂದುಹಾಕುತ್ತವೆ. ಅದೇ ಬಫರಿಗೆ ಡಿಟಿಟಿ ಬಿದ್ದರೆ ಮೇಲಿಮೈಡ್ ಅದರ ಜೊತೆಗೇ ಬೆರೆತು ವ್ಯರ್ಥವಾಗುತ್ತದೆ.

ಕೋಶಗಳನ್ನು 6 ಮೋಲಾರ್ ಗ್ವಾನಿಡಿನ್‌ನಲ್ಲಿ ಒಡೆದರೆ ಪಿ53ಕ್ಕೆ ಬರಿದೆ ಅಂಟಿಕೊಂಡ ಪ್ರೋಟೀನುಗಳೆಲ್ಲ ಬಿಟ್ಟುಹೋಗಿ ಬಂಧದಿಂದ ಕೂತವಷ್ಟೇ, ಹಿಸ್ಟಿಡಿನ್ ಟ್ಯಾಗ್ ಹಿಡಿಯುವ ನಿಕಲ್ ಮಣಿಗಳಿಗೆ ಬರುತ್ತವೆ. ಡಿಎನ್‌ಎಯಿಂದ ಲೋಳೆಯಾಗುತ್ತದೆ, ಸೋನಿಕೇಟ್ ಮಾಡಿ. ಮಣಿಗಳನ್ನು 8 ಮೋಲಾರ್ ಯೂರಿಯಾದಲ್ಲಿ ಪಿಎಚ್ 8ರಲ್ಲೊಮ್ಮೆ, 6.3ರಲ್ಲಿ ಎರಡು ಸಲ ತೊಳೆದು, 200 ಮಿಲಿಮೋಲಾರ್ ಇಮಿಡಜೋಲ್ ಇರುವ ಸ್ಯಾಂಪಲ್ ಬಫರಿನಲ್ಲಿ ಇಳಿಸುತ್ತೇನೆ. ಗ್ವಾನಿಡಿನ್ ಸ್ವಲ್ಪ ಉಳಿದರೂ ಎಸ್‌ಡಿಎಸ್ ಜೊತೆ ಸೇರಿ ಬಿಳಿ ಗಟ್ಟಿಯಾಗಿ ಜೆಲ್ ಬಾವಿಯಲ್ಲೇ ಕೂರುತ್ತದೆ.