ಕಿಬ್ಬೊಟ್ಟೆಯ ಸ್ನಾಯುನೋವು: ಬಿಗಿ ಬಿಡಿಸುವ ಬಗೆ

ಮೂತ್ರಕ್ಕೆ ಹೋದರೆ ಉರಿ, ಆದರೆ ಕಲ್ಚರ್ ಪರೀಕ್ಷೆಯಲ್ಲಿ ಸೋಂಕಿಲ್ಲ. ಸ್ಕ್ಯಾನಿನಲ್ಲೂ ಏನೂ ಕಾಣುವುದಿಲ್ಲ. ಕೂತಷ್ಟೂ ಬಾಲಮೂಳೆಯ ಸುತ್ತ ನೋವು, ಸಂಭೋಗವೆಂದರೆ ಭಯ, ಮಲ ಪೂರ್ತಿ ಹೋಗಿಲ್ಲವೆನ್ನುವ ಭಾವನೆ. ಹೀಗಿದ್ದರೆ ಪೆಲ್ವಿಕ್ ಫ್ಲೋರ್ ಸ್ನಾಯುಗಳನ್ನು ಪರೀಕ್ಷೆ ಮಾಡಿಸಬೇಕು. ಮೂತ್ರಕೋಶ, ಗರ್ಭಕೋಶ, ಗುದನಾಳವನ್ನು ಕೆಳಗಿನಿಂದ ಜೋಲಿಯ ಹಾಗೆ ಹೊತ್ತಿರುವ ಸ್ನಾಯುಗಳಿವು. ಹೆರಿಗೆಯ ಗಾಯ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ), ಪದೇ ಪದೇ ಬಂದ ಮೂತ್ರದ ಸೋಂಕು, ಮೂತ್ರ ತಡೆದುಕೊಳ್ಳುವ ಅಭ್ಯಾಸ, ಆತಂಕ, ಯಾವುದರಿಂದಾದರೂ ಇವು ಬಿಗಿದುಕೊಳ್ಳಬಹುದು. ಮೂಲ ಕಾಯಿಲೆ ವಾಸಿಯಾದರೂ ಬಿಗಿತ ಮಾತ್ರ ಉಳಿದುಬಿಡುವುದುಂಟು.

ಯೋನಿಯನ್ನು ಅಗಲಿಸಿ ನೋಡುವ ಉಪಕರಣವಾದ ಸ್ಪೆಕ್ಯುಲಮ್ ಹಾಕಿ ನೋಡಿದರೆ ಈ ಬಿಗಿತ ತಿಳಿಯದು. ವೈದ್ಯರು ಕೈಗವಸು ತೊಟ್ಟ ಒಂದೇ ಬೆರಳಿನಿಂದ ಯೋನಿಯ ಎರಡೂ ಪಕ್ಕದ ಸ್ನಾಯುಗಳನ್ನು ಮೆಲ್ಲಗೆ ಒತ್ತಿ ನೋಡಬೇಕು. ಒತ್ತಿದಾಗ ‘ನನಗೆ ದಿನಾ ಬರುವ ನೋವು ಇದೇ’ ಅನಿಸಿತೆಂದರೆ ಜಾಗ ಸಿಕ್ಕಿತು. ಜ್ವರ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಗರ್ಭಿಣಿಯಿರಬಹುದೆಂಬ ಅನುಮಾನ, ತೊಡೆಸಂದಿಯಲ್ಲಿ ಮರಗಟ್ಟುವಿಕೆ ಅಥವಾ ಮೂತ್ರ ಕಟ್ಟುವುದು ಇದ್ದರೆ ವ್ಯಾಯಾಮದ ಮಾತು ಆಮೇಲೆ, ಮೊದಲು ಆಸ್ಪತ್ರೆ.

ಹೆಚ್ಚಿನವರು ಎಡವುವುದು ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮದಲ್ಲಿ. ಕೆಳಹೊಟ್ಟೆಯ ಯಾವ ತೊಂದರೆಗೂ ಅದನ್ನೇ ಹೇಳುವವರಿದ್ದಾರೆ. ಮೊದಲೇ ಬಿಗಿದ ಸ್ನಾಯುವನ್ನು ಮತ್ತೆ ಬಿಗಿದರೆ ನೋವು ಏರುತ್ತದೆ. ಇಲ್ಲಿ ಬೇಕಿರುವುದು ಅದಕ್ಕೆ ವಿರುದ್ಧವಾದ, ಸಡಿಲಿಸುವ ಅಭ್ಯಾಸ. ಅಂಗಾತ ಮಲಗಿ, ಮಂಡಿ ಮಡಚಿ, ಒಂದು ಕೈ ಹೊಟ್ಟೆಯ ಮೇಲಿಡಿ. ಮೂಗಿನಿಂದ 4 ಎಣಿಸುತ್ತಾ ಉಸಿರೆಳೆಯಿರಿ. ಹೊಟ್ಟೆ ಉಬ್ಬಿದಂತೆ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿದು, ಗುದದ ಸುತ್ತ ತಾನಾಗಿ ಅಗಲವಾದಂತೆ ಅನಿಸಬೇಕು. 6 ಎಣಿಸುತ್ತಾ ಬಿಡಿ. ದಿನಕ್ಕೆ ಎರಡು ಸಲ, 5 ನಿಮಿಷ. ಮಲಕ್ಕೆ ತಿಣುಕುವ ಹಾಗೆ ಕೆಳಗೆ ತಳ್ಳಬೇಡಿ, ಅದೂ ಬಿಗಿಯುವುದೇ. ಹೊಟ್ಟೆಯನ್ನು ಸದಾ ಒಳಗೆಳೆದುಕೊಂಡು ನಿಲ್ಲುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಬಾಲಾಸನ ಒಳ್ಳೆಯದು, 10–15 ನಿಮಿಷ ಬಿಸಿನೀರಿನ ಶಾಖವೂ ಹಿತ. ಮಲವಿಸರ್ಜನೆಗೆ ಕಮೋಡಿನಲ್ಲಿ ಕೂತಾಗ ಕಾಲಡಿ ಮಣೆಯಿಟ್ಟು ಮಂಡಿಯನ್ನು ಸೊಂಟಕ್ಕಿಂತ ಎತ್ತರಕ್ಕೆ ತನ್ನಿ.

ಚಿಕಿತ್ಸೆಯ ಮುಖ್ಯ ಭಾಗ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ. ಗಂಟುಕಟ್ಟಿದ ಜಾಗಗಳನ್ನು ಒಳಗಿನಿಂದ ಒತ್ತಿ ಸಡಿಲಿಸುತ್ತಾರೆ. ಫಲ ಕಾಣಲು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಫಿಸಿಯೋಥೆರಪಿಸ್ಟರಿಂದ ಕಲಿತ ಮೇಲೆ ಮನೆಯಲ್ಲೂ ಮಾಡಿಕೊಳ್ಳಬಹುದು. ಉಗುರು ಕತ್ತರಿಸಿ, ಕೈ ತೊಳೆದು, ಹೆಬ್ಬೆರಳಿಗೆ ನೀರಿನಾಧಾರಿತ ಜೆಲ್ ಹಚ್ಚಿಕೊಳ್ಳಿ. ಯೋನಿದ್ವಾರವನ್ನು ಗಡಿಯಾರವೆಂದುಕೊಂಡರೆ 12 ಮೂತ್ರದ್ವಾರದ ಕಡೆ, 6 ಗುದದ ಕಡೆ. 4–5 ಮತ್ತು 7–8ರ ಜಾಗದಲ್ಲಿ ಸಹಿಸುವಷ್ಟೇ ಒತ್ತಿ, 30ರಿಂದ 60 ಸೆಕೆಂಡು ಹಾಗೇ ಹಿಡಿದು, ಉಸಿರಾಡುತ್ತಿರಿ. ಉಜ್ಜಬೇಡಿ. 12ರ ಸುತ್ತ ಕೈಹಾಕಲೇಬೇಡಿ, ಮೂತ್ರನಾಳಕ್ಕೆ ಪೆಟ್ಟಾಗಬಹುದು. ಮರುದಿನವೂ ನೋವು ಉಳಿದರೆ ಒತ್ತಿದ್ದು ಹೆಚ್ಚಾಯಿತೆಂದು ಅರ್ಥ. ಇಷ್ಟಕ್ಕೂ ಬಗ್ಗದಿದ್ದರೆ ನೋವಿನ ಗಂಟಿಗೇ ಮರಗಟ್ಟಿಸುವ ಔಷಧದ ಇಂಜೆಕ್ಷನ್ ಕೊಡಿಸುವ ಬಗ್ಗೆ ತಜ್ಞರನ್ನು ಕೇಳಬಹುದು.