ಒಂದೇ ಸಾರ್ವಜನಿಕ ಐಪಿಯಲ್ಲಿ ಎಲ್ಲ ಶಾಖೆಗಳನ್ನು ಬೆಸೆದ ಬಗೆ

ಐದಾರು ಶಾಖೆಗಳ ಕ್ಯಾಮೆರಾ ಮತ್ತು ಫೈಲ್ ಸರ್ವರ್‌ಗಳನ್ನು ಹೊರಗಿನಿಂದ ತಲುಪಬೇಕಾದರೆ ಪ್ರತಿ ಶಾಖೆಗೂ ಸ್ಥಿರ ಸಾರ್ವಜನಿಕ ಐಪಿ (ಇಂಟರ್ನೆಟ್ಟಿನಿಂದ ನೇರ ತಲುಪಬಹುದಾದ, ಬದಲಾಗದ ವಿಳಾಸ) ಕೊಳ್ಳಲೇಬೇಕೆಂದು ಜೊತೆಯವರೆಲ್ಲ ಪಟ್ಟು ಹಿಡಿದಿದ್ದರು. ಅದೇ ಕೆಲಸವನ್ನು ನಾನು ಒಂದೇ ಐಪಿಯಲ್ಲಿ ಮಾಡಿ ಮುಗಿಸಿದ್ದೇನೆ. ವರ್ಷದ ಮೇಲಾಯಿತು, ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ.

ಮೊದಲು ಎಲ್ಲರಂತೆ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನ ಸಂಪರ್ಕವನ್ನು ರೌಟರ್ ಒಳಗಿನ ಸಾಧನಕ್ಕೆ ದಾಟಿಸುವಂತೆ ಮಾಡಿ ನೋಡಿದೆ. ಎರಡು ಶಾಖೆಗಳಲ್ಲಿ ಅದು ನಡೆಯಿತು, ಉಳಿದೆಡೆ ಎಷ್ಟು ರೂಲ್ ಬರೆದರೂ ಹೊರಗಿನ ಒಂದು ಪ್ಯಾಕೆಟ್ ಕೂಡ ಒಳಗೆ ಬರಲಿಲ್ಲ. ಅಲ್ಲಿನ ರೌಟರ್‌ಗಳ ವ್ಯಾನ್ (ಹೊರಬದಿಯ) ವಿಳಾಸ 100.72 ಎಂದು ಆರಂಭವಾಗುತ್ತಿತ್ತು, ಅಂದರೆ 2012ರಲ್ಲಿ ಇಂಟರ್ನೆಟ್ ಸೇವಾದಾರರ ನ್ಯಾಟ್‌ಗೆಂದೇ (ಹಲವರು ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಳ್ಳಲು ವಿಳಾಸ ಬದಲಿಸುವ ವ್ಯವಸ್ಥೆ) ಮೀಸಲಿಟ್ಟ 100.64.0.0/10ರೊಳಗಿನದು. ನಿಜವಾದ ಸಾರ್ವಜನಿಕ ವಿಳಾಸ ಸೇವಾದಾರರ ಬಳಿಯೇ ಇತ್ತು.

ಆದ್ದರಿಂದ ದಿಕ್ಕನ್ನೇ ತಿರುಗಿಸಿದೆ. ಸಾರ್ವಜನಿಕ ಐಪಿ ಇರುವ ಸಣ್ಣದೊಂದು ವರ್ಚುವಲ್ ಸರ್ವರ್ ಬಾಡಿಗೆಗೆ ಪಡೆದು, ಪ್ರತಿ ಶಾಖೆಯ ರೌಟರ್ ತಾನೇ ಅದಕ್ಕೆ ವೈರ್‌ಗಾರ್ಡ್ (ಒಂದು ವಿಪಿಎನ್ ತಂತ್ರಾಂಶ) ಟನೆಲ್, ಅಂದರೆ ಗೂಢಲಿಪಿಯ ಖಾಸಗಿ ದಾರಿ, ಹಾಕುವಂತೆ ಮಾಡಿದೆ. ನ್ಯಾಟ್ ಟೇಬಲ್‌ನ ನಮೂದು ಅಳಿಯದಿರಲು 25 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸುವ ಕೀಪ್‌ಅಲೈವ್ ಸಾಕಾಯಿತು. ಸರ್ವರ್ ಬಾಡಿಗೆ, ಶಾಖೆಗಳ ಸ್ಥಿರ ಐಪಿಗಳಿಗೆ ಕೇಳಿದ್ದ ಮೊತ್ತದ ಸುಮಾರು ಕಾಲು ಭಾಗ. ಆದರೆ ವೀಡಿಯೊ ಸರ್ವರ್‌ಗೆ ಬಂದು ಮತ್ತೆ ಹೊರಗೆ ಹೋಗುವುದರಿಂದ ತಿಂಗಳ ಡೇಟಾ ಮಿತಿ ಅರ್ಧ ತಿಂಗಳಿಗೇ ಮುಗಿದು ದಂಡ ಕಟ್ಟಬೇಕಾಯಿತು. ಈಗ ಕ್ಯಾಮೆರಾಗಳ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಹಗುರ ವೀಡಿಯೊ) ಮಾತ್ರ ಆ ದಾರಿಯಲ್ಲಿ ಹೋಗುತ್ತದೆ.

ನಿಜವಾದ ತಲೆನೋವು ಖಾಸಗಿ ವಿಳಾಸಗಳದ್ದು. ಎಲ್ಲ ಶಾಖೆಗಳ ಒಳಜಾಲವೂ 192.168.1.0/24 (192.168.1 ಎಂದು ಆರಂಭವಾಗುವ ವಿಳಾಸಗಳ ಗುಂಪು) ಆಗಿದ್ದರೆ ಪ್ಯಾಕೆಟ್ ಯಾವ ಟನೆಲ್‌ಗೆ ಹೋಗಬೇಕು? ಒಂದಕ್ಕೊಂದು ನ್ಯಾಟ್, ಅಂದರೆ ಪ್ರತಿ ಒಳವಿಳಾಸಕ್ಕೂ ಬೇರೊಂದು ವಿಳಾಸ ಜೋಡಿಸಿ ನೋಡಿದೆ. ಫೈಲ್ ಸರ್ವರ್ ತೆರೆಯಿತು, ಕ್ಯಾಮೆರಾ ಚಿತ್ರ ಬರಲಿಲ್ಲ; ಏಕೆಂದರೆ ಕ್ಯಾಮೆರಾ ಸ್ಟ್ರೀಮ್‌ನ ಲಿಂಕ್ ಕಳಿಸುವಾಗ ತನ್ನ 192.168.1.64 ಅನ್ನೇ ಅದರೊಳಗೆ ಬರೆಯುತ್ತದೆ, ನ್ಯಾಟ್ ಬದಲಿಸುವುದು ಪ್ಯಾಕೆಟ್‌ನ ತಲೆಬರಹವಾದ ಹೆಡರನ್ನು ಮಾತ್ರ. ಕೊನೆಗೆ ಇಂಟರ್ನೆಟ್ ಮಾನಕ ದಾಖಲೆ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆ ಬಿಟ್ಟಿರುವ 10.0.0.0/8ಕ್ಕೆ ಎಲ್ಲವನ್ನೂ ಸಾಗಿಸಿ, 10.11, 10.12 ಎಂದು ಶಾಖೆಗೊಂದು /16 (ಮೊದಲ ಎರಡು ಸಂಖ್ಯೆ ಒಂದೇ ಆಗಿರುವ ವಿಳಾಸ ಗುಂಪು) ಕೊಟ್ಟೆ. ಸುಮಾರು 1.68 ಕೋಟಿ ವಿಳಾಸಗಳಿರುವಲ್ಲಿ ಜಿಪುಣತನ ಬೇಕಿಲ್ಲ. ಕೆಲಸದ ವೇಳೆಯಲ್ಲಿ ಯಾವ ಪ್ರಿಂಟರೂ ನಿಲ್ಲದಂತೆ ವಿಳಾಸ ಬದಲಿಸಿದ ಕ್ರಮವನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನಡುವೆ ಒಂದು ಶಾಖೆಯಲ್ಲಿ ಐಪಿವಿ6 (ಹೆಚ್ಚು ಉದ್ದದ ವಿಳಾಸಗಳ ಹೊಸ ಐಪಿ ಆವೃತ್ತಿ) ಪ್ರಯೋಗವನ್ನೂ ಮಾಡಿದೆ. ಪ್ರತಿ ಸಾಧನಕ್ಕೂ ಸಾರ್ವಜನಿಕ ವಿಳಾಸವೇ ಸಿಕ್ಕಿತು, ನ್ಯಾಟ್ ಇಲ್ಲದೆ ಫೈರ್‌ವಾಲ್ ಒಂದೇ ಕಾವಲಿಗೆ ಸಾಕಾಯಿತು. ಆದರೆ ರೌಟರ್ ಆರಿ ಹೊತ್ತಿದಾಗಲೆಲ್ಲ ಪ್ರಿಫಿಕ್ಸ್ (ಸೇವಾದಾರರು ಕೊಡುವ ವಿಳಾಸದ ಮೊದಲ ಭಾಗ) ಬದಲಾಗುತ್ತಿದ್ದುದರಿಂದ ಒಳಬಳಕೆಗೆ ಎಫ್‌ಡಿ (fd) ಅಕ್ಷರಗಳಿಂದ ಶುರುವಾಗುವ ಖಾಸಗಿ ವಿಳಾಸಗಳನ್ನೂ ಜೊತೆಗೆ ಇಟ್ಟಿದ್ದೇನೆ. ಸ್ಥಿರ ಪ್ರಿಫಿಕ್ಸ್ ಸಿಕ್ಕ ದಿನ ಆ ಶಾಖೆಯ ಟನೆಲ್ ತೆಗೆದು ನೋಡುವವನಿದ್ದೇನೆ.