ತಾಲೀಮಿಗೆ ಸಮಯ ಹೊಂದಿಸಿಕೊಂಡ ಬಗೆ

ಹಾಸನದ ನಮ್ಮ ಹವ್ಯಾಸಿ ತಂಡವು ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಕೈಗೆತ್ತಿಕೊಂಡಾಗ ನನ್ನ ಪಾಲಿಗೆ ಆಜಮ್‌ನ ಪಾತ್ರ ಬಂದಿತು. ಸುಮಾರು 40 ಕಿ.ಮೀ. ದೂರದ ಬೇಲೂರಿನ ಬ್ಯಾಂಕ್ ಶಾಖೆಯಿಂದ ಸಂಜೆ ಏಳಕ್ಕೆ ಮರಳಿ, ನೇರವಾಗಿ ತಾಲೀಮಿಗೆ ಹೋಗಿ, ಮಗಳು ಮಲಗಿದ ಮೇಲೆ ಮನೆ ಸೇರುತ್ತಿದ್ದೆ. ಮೂರನೆಯ ವಾರದಲ್ಲಿ ಹೆಂಡತಿ, "ಇವಳು ನಿಮ್ಮನ್ನು ಫೋಟೋದಲ್ಲಿ ಗುರುತಿಸುತ್ತಾಳೆ ಬಿಡಿ," ಎಂದಳು.

ಆ ರಾತ್ರಿಯೇ ಹಸ್ತಪ್ರತಿಯನ್ನು ತೆರೆದು, ಯಾವ ದೃಶ್ಯಕ್ಕೆ ಯಾರು ಬೇಕೆಂದು ಒಂದು ಕೋಷ್ಟಕ ಬರೆದೆ. ಒಟ್ಟು 13 ದೃಶ್ಯಗಳಲ್ಲಿ ಅರ್ಧಕ್ಕಿಂತ ಕಡಿಮೆ ಕಡೆ ಮಾತ್ರ ಆಜಮ್ ಇರುವುದರಿಂದ, ಉಳಿದ ಸಂಜೆಗಳಲ್ಲಿ ನಾನು ಸುಮ್ಮನೆ ಮೂಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆನೆಂಬುದು ಸ್ಪಷ್ಟವಾಯಿತು. ಮೊದಲು ಗೊಣಗಿದ ನಿರ್ದೇಶಕರು, ಇತರ ನಟರೂ ಕೋಷ್ಟಕವನ್ನು ಬೆಂಬಲಿಸಿದ ಮೇಲೆ, ದೃಶ್ಯವಾರು ತಾಲೀಮಿಗೆ ಒಪ್ಪಿದರು. ನನಗೆ ವಾರಕ್ಕೆ ಎರಡು ಸಂಜೆ ನಿಗದಿಯಾಯಿತು. ಇಡೀ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಆಡುವ ತಾಲೀಮನ್ನು ಬ್ಯಾಂಕಿಗೆ ರಜೆಯಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಿಗೆ ಇಟ್ಟುಕೊಂಡೆವು.

ಮಾತು ಬಾಯಿಪಾಠ ಮಾಡುವ ಕೆಲಸವನ್ನು ಬಸ್ಸಿಗೆ ವರ್ಗಾಯಿಸಿದೆ. ನಾಟಕದಲ್ಲಿ ಆಜಮ್‌ನ ಜೊತೆಗಾರನಾದ ಅಜೀಜ್‌ನ ಮಾತುಗಳನ್ನು ಹೆಂಡತಿಯ ಧ್ವನಿಯಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಂಡು, ನನ್ನ ಮಾತಿನಷ್ಟು ಹೊತ್ತು ಮೌನ ಬಿಟ್ಟು, ಆ ಖಾಲಿ ಜಾಗದಲ್ಲಿ ತುಟಿಯಾಡಿಸುತ್ತಿದ್ದೆ. ಪಕ್ಕದ ಪ್ರಯಾಣಿಕರು ಒಮ್ಮೆ ಅನುಮಾನದಿಂದ ಸೀಟು ಬದಲಿಸಿದ್ದೂ ಉಂಟು. ಪ್ರದರ್ಶನದ ವಾರ ಮಾತ್ರ ಈ ಯಾವ ಲೆಕ್ಕವೂ ನಡೆಯಲಿಲ್ಲ. ಅದಕ್ಕೆಂದು ಮೊದಲೇ ಮೂರು ದಿನ ರಜೆ ಬರೆದುಕೊಟ್ಟಿದ್ದೆ.